ಅಂಚು ಸವರಿದ ಕೊಳಲು

ಧರ್ಮಪ್ಪನ ಕೈಯಿಂದ ಒಂದು ವಸ್ತು ಆಚೆ ಹೋಗಬೇಕಾದರೆ ಮೊದಲು ಅದು ಅವನ ಮುಂಗೈ ಮೇಲೆ ಹಾದು ಹೋಗಬೇಕಿತ್ತು. ಬುಷ್ ಅನ್ನೋ ಕಬ್ಬಿಣದ ಬಳೆ ಇರಲಿ, ಶಾಫ್ಟ್ ಇರಲಿ, ಅಡಿಕೆ ಸುಲಿಯೋ ಮೆಷಿನ್ನಿನ ರೋಲರ್ ಇರಲಿ, ಲೇತಿನಿಂದ ಬಿಚ್ಚಿದ ಕೂಡಲೇ ಅಂಚಿಗೆ ನಾಲ್ಕು ಸಲ ಅರ ಆಡಿಸಿ, ಉಪ್ಪುಕಾಗದದಲ್ಲಿ ಉಜ್ಜಿ, ಅಂಗಿ ತೋಳು ಮೇಲೇರಿಸಿ ಒಳಗಿನ ಮೆತ್ತನೆ ಚರ್ಮದ ಮೇಲೆ ಎಳೆದು ನೋಡೋನು. ಗೀರು ಬಿದ್ದರೆ ಮತ್ತೆ ಅರ. ಬೀಳದಿದ್ದರೆ, "ಹ್ಞೂಂ, ಕೊಟ್ಬಿಡು."

ಕಬ್ಬಿಣ ಕೊಯ್ದ ಜಾಗದಲ್ಲಿ ಕಣ್ಣಿಗೆ ಕಾಣದ ಹಾಗೆ ಎದ್ದು ನಿಲ್ಲುವ ಮುಳ್ಳಿಗೆ ಲೇತಿನವರು ಬರ್ ಅಂತಾರೆ. ಬರ್ ತೆಗೆಯದೆ ಮಾಡಿದ ವಸ್ತುವನ್ನು, ಅವರ ಮಾತಲ್ಲಿ ಜಾಬನ್ನು, ಕೊಡೋನು ಕಸುಬುದಾರನೇ ಅಲ್ಲ ಅಂತ ಅವನಿಗೆ ಹೇಳಿಕೊಟ್ಟಿದ್ದು ಅವನು ಮೊದಲು ಕೆಲಸಕ್ಕಿದ್ದ ಕಬ್ಬಿಣದ ಕಾರ್ಖಾನೆಯ ಮೆಷಿನ್ ಶಾಪಿನ ವೆಂಕಟಾಚಲ ಮೇಸ್ತ್ರಿ. ಹುಡುಗರು ಮಾಡಿದ ಜಾಬನ್ನು ಆ ಹುಡುಗರ ಕೈ ಮೇಲೇ ಎಳೆದು, ಗೀರು ಬಿದ್ದರೆ ತಮಿಳು ಬೆರೆತ ಕನ್ನಡದಲ್ಲಿ ಅವರ ಏಳು ತಲೆಮಾರನ್ನೂ ಜಾಲಾಡುತ್ತಿದ್ದನಂತೆ. ಮೇಸ್ತ್ರಿ ಸತ್ತು ಎಷ್ಟೋ ವರ್ಷವಾಯಿತು. ಕಾರ್ಖಾನೆ ಕಾಂಟ್ರಾಕ್ಟ್ ಕೆಲಸದವರನ್ನೆಲ್ಲ ಮನೆಗೆ ಕಳಿಸಿ, ಧರ್ಮಪ್ಪ ಭದ್ರಾವತಿಯ ಗಲ್ಲಿಯೊಂದರಲ್ಲಿದ್ದ ಗೋವಿಂದನ ಲೇತ್ ಅಂಗಡಿಗೆ ಸೇರಿದ್ದೂ ಹಳೇ ಮಾತು. ಆದರೆ ಮುಂಗೈ ಮಾತ್ರ ಕಾರ್ಖಾನೆಯಲ್ಲೇ ಉಳಿದಿತ್ತು.

ಮನೆಯಲ್ಲೂ ಬಿಡಲಿಲ್ಲ. ಹೊಸ ಲೋಟ ಬಂದರೆ ಅದರ ಬಾಯಿ, ಮಗ ಸ್ಕೂಲಿಗೆ ಹೋಗುವಾಗ ಅವನ ಜಾಮಿಟ್ರಿ ಬಾಕ್ಸಿನ ಮೂಲೆ, ಕಿಟಕಿಯ ಸರಳು, ಎಲ್ಲವನ್ನೂ ಸವರಿ ನುಣ್ಣಗೆ ಮಾಡಿದ್ದ. ಹೆಂಡತಿ ಉಚ್ಚಂಗಮ್ಮ ತೆಂಗಿನಕಾಯಿ ತುರಿಯೋ ಮಣೆಯನ್ನು ತೋರಿಸಿ, "ಇದೊಂದು ಉಳಿದಿದೆ. ಇದರ ಹಲ್ಲೂ ತೆಗೆದುಬಿಡಿ, ಕಾಯಿ ಇಲ್ಲದ ಚಟ್ನಿ ತಿನ್ನೋಣ" ಅನ್ನೋಳು.

ಇವರ ಒಬ್ಬನೇ ಮಗ ಕಾಂತರಾಜ. ಇಪ್ಪತ್ಮೂರು ವರ್ಷ. ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟ್ರ ಕೈಯಿಂದ ಕೋಲು ಕಿತ್ತುಕೊಂಡು ಕಿಟಕಿಯಾಚೆ ಎಸೆದು ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಓದು ಬಿಟ್ಟೋನಿಗೆ ಊರು ಕೇಳೋದು ಒಂದೇ ಪ್ರಶ್ನೆ. ಕೆಲಸ ಕೇಳಿಕೊಂಡು ಹೋದರೂ ಅದೇ, ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರೂ ಅದೇ: ಎಲ್ಲಿವರೆಗೆ ಓದಿದ್ದೀಯಪ್ಪ? ಉತ್ತರ ಕೇಳಿದ ಮೇಲೆ ಅವರ ಮುಖದ ಮೇಲೆ ಒಂದು ಬಾಗಿಲು ಮುಚ್ಚುತ್ತದೆ. ಆ ಬಾಗಿಲು ಮುಚ್ಚೋ ಸದ್ದು ಕೇಳಿ ಕೇಳಿ ಕಾಂತರಾಜನ ಹೊಟ್ಟೆಯೊಳಗೆ ಯಾವಾಗಲೂ ಒಂದು ಒಲೆ ಉರಿಯುತ್ತಲೇ ಇತ್ತು. ಅವನು ಶಿವಮೊಗ್ಗದ ಪಾರ್ಸೆಲ್ ಆಫೀಸೊಂದರಲ್ಲಿ ಡೆಲಿವರಿ ಕೆಲಸ ಹಿಡಿದಿದ್ದ. ದಿನಾ ಬೆಳಗ್ಗೆ ಪ್ರೈವೇಟ್ ಬಸ್ಸಿಗೆ ನೇತಾಡಿಕೊಂಡು ಹೋಗಿ, ಆಫೀಸಿನ ಗೂಡ್ಸ್ ಆಟೋದಲ್ಲಿ ಊರೆಲ್ಲ ಡಬ್ಬ ಹಂಚೋದು.

ಕೊಳಲು ಅವನ ಕೈಗೆ ಸಿಕ್ಕಿದ್ದೂ ಹಾಗೊಂದು ಡಬ್ಬದೊಳಗಿಂದ. ದಸರಾ ಮುಗಿದ ಮರುವಾರ ಶಿವಮೊಗ್ಗದ ನವುಲೆಯ ಒಂದು ಮನೆಗೆ ಪಾರ್ಸೆಲ್ ಇತ್ತು. ಮೂಲೆ ಹರಿದಿತ್ತು. ಮಹಡಿ ಮೇಲಿನ ಮನೆಯಿಂದ ಇಳಿದು ಬಂದಾಕೆಗೆ ಅರವತ್ತರ ಹತ್ತಿರ ವಯಸ್ಸು, ಕತ್ತಿನವರೆಗೆ ಕತ್ತರಿಸಿದ ಬಿಳಿ ಕೂದಲು. ಹೆಸರು ಸತ್ಯಭಾಮಾ. ನೀಲಗಿರಿ ಕಡೆಯ ಒಂದು ಶಾಲೆಯಲ್ಲಿ ಪಾಶ್ಚಾತ್ಯ ಸಂಗೀತ ಕಲಿಸಿ, ರಿಟೈರಾಗಿ, ತಂಗಿ ಮನೆ ಮಹಡಿಗೆ ಬಂದು ಉಳಿದವರು.

"ನಿಲ್ಲಪ್ಪ, ಒಡೆದಿದ್ರೆ ನಿನ್ನೆದುರೇ ಗೊತ್ತಾಗ್ಲಿ" ಅಂತ ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತು ಡಬ್ಬ ಬಿಚ್ಚಿದರು. ಒಳಗೆ ಐದು ಕೊಳಲು. ಕಪ್ಪು ಮೈ, ಗೆಣ್ಣಿನ ಜಾಗದಲ್ಲಿ ದಂತದ ಬಣ್ಣದ ಉಂಗುರ, ಆರು ತೂತು, ಕೆಳಗಡೆ ಕಿರುಬೆರಳಲ್ಲಿ ಒತ್ತಲಿಕ್ಕೆ ಒಂದೇ ಒಂದು ಹಿತ್ತಾಳೆ ಕೀ. ಒಂದರ ಮೂರು ತುಂಡನ್ನು ಜೋಡಿಸಿ, ತುಟಿಗೆ ಅಡ್ಡ ಹಿಡಿದು ಅವರು ಊದಿದರು.

ಆಟೋದಲ್ಲಿ ಇನ್ನೂ ಮೂವತ್ತು ಡಬ್ಬ ಇತ್ತು. ಕಾಂತರಾಜ ಅಲ್ಲಾಡಲಿಲ್ಲ. ಮೆತ್ತಗೆ, ಸ್ವಲ್ಪ ಕೊರಳು ಕಟ್ಟಿದ ಹೆಂಗಸು ಮಾತಾಡಿದ ಹಾಗಿದ್ದ ಆ ಸದ್ದು ಕಿವಿಗಲ್ಲ, ಆ ಒಲೆ ಇತ್ತಲ್ಲ, ಅಲ್ಲಿಗೆ ಹೋಗಿ ಕೂತಿತು.

"ಇದು ಪ್ಲಾಸ್ಟಿಕ್ಕಾ ಮೇಡಂ?"

"ಪ್ಲಾಸ್ಟಿಕ್ಕೇ. ಮುನ್ನೂರು ವರ್ಷದ ಹಿಂದೆ ಯುರೋಪಲ್ಲಿ ಹಿಂಗಿರೋದನ್ನ ಮರದಲ್ಲಿ ಮಾಡೋರು. ಈಗ್ಲೂ ಮಾಡ್ತಾರೆ, ರೇಟು ಕೇಳಿದ್ರೆ ಕಾರೇ ತಗೋಬಹುದು. ಕಲಿಯೋ ಮಕ್ಕಳು ಎಲ್ಲಿಂದ ತರ್ತವೆ? ಅದಕ್ಕೇ ಹಳೇದೊಂದರ ಅಳತೆ ತೆಗೆದು, ಅಚ್ಚು ಹಾಕಿ, ಇದನ್ನ ಮಾಡಿದಾರೆ. ಮೈ ಬಡವರದ್ದು, ಸ್ವರ ಅದೇ." ಅವರು ಕೊಳಲನ್ನು ಒರೆಸಿ ಅವನ ಕಡೆ ಚಾಚಿದರು. "ಬೇಕಾದ್ರೆ ಊದಿ ನೋಡು. ಬರಲ್ಲ. ಯಾರಿಗೂ ಒಂದು ವಾರ ಸದ್ದು ಬರಲ್ಲ. ನನಗೆ ಹತ್ತು ದಿನ ಹಿಡೀತು."

ಅವನು ಊದಿದ. ಬಂತು.

ಸತ್ಯಭಾಮಾ ಮೇಡಂ ಅವನನ್ನು ಒಂದು ನಿಮಿಷ ನೋಡಿದರು. ಎಲ್ಲಿವರೆಗೆ ಓದಿದ್ದೀಯ ಅಂತ ಈಗ ಕೇಳ್ತಾರೆ ಅಂದುಕೊಂಡು ಕಾಂತರಾಜ ಹಲ್ಲು ಕಚ್ಚಿ ನಿಂತಿದ್ದ. ಅವರು ಕೇಳಿದ್ದು, "ಭಾನುವಾರ ಏನ್ ಮಾಡ್ತೀಯ ಮಾರಾಯ?"

ಹೀಗೆ ಶುರುವಾಯಿತು. ಐದು ಕೊಳಲಲ್ಲಿ ಒಂದನ್ನು ಮೇಡಂ ಅವನಿಗೆ ಕಲಿಯುವಷ್ಟು ದಿನ ಇಟ್ಟುಕೋ ಅಂತ ಕೊಟ್ಟರು. ಉಳಿದ ನಾಲ್ಕು, ಭಾನುವಾರ ಅವರ ಹತ್ತಿರ ಕಲಿಯಲು ಬರುತ್ತಿದ್ದ ಬೇರೆ ನಾಲ್ವರ ಕೈ ಸೇರಿದವು. ಭದ್ರಾವತಿಯ ಅವನ ಬೀದಿ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ಏನೋ ಕಾಂತ, ಪ್ಲಂಬಿಂಗ್ ಕಲೀತಿದ್ಯಾ?"

"ಲೋ, ಬಿದಿರಿಂದು ಜಾತ್ರೇಲಿ ಐವತ್ತು ರೂಪಾಯಿಗೆ ಸಿಗುತ್ತಲ್ಲೋ. ಇದೇನಿದು ನೀರಿನ ಪೈಪು?"

ಇಬ್ಬರ ಕಾಲರ್ ಹಿಡಿದಿದ್ದ ಕಾಂತರಾಜ. ಮೂರನೆಯವನು ಕಾಲರಿಲ್ಲದ ಟೀ ಶರ್ಟ್ ಹಾಕಿದ್ದರಿಂದ ಬಚಾವಾದ.

ನಗದೆ ಇದ್ದವನು ಅಪ್ಪ ಒಬ್ಬನೇ. ಧರ್ಮಪ್ಪ ಕೊಳಲಿನ ತುಂಡುಗಳನ್ನು ಬಿಚ್ಚಿ, ಒಂದೊಂದನ್ನೂ ಬಲ್ಬಿನ ಕಡೆ ಹಿಡಿದು ಒಳಗೆ ಇಣುಕಿದ. ಮಾರನೇ ದಿನ ಅಂಗಡಿಯಿಂದ ಅಳತೆ ತೆಗೆಯೋ ವರ್ನಿಯರ್ ತಂದ.

"ನೋಡೋ ಕಾಂತ! ಒಳಗೆ ಟೇಪರ್ ಇದೆ! ತಲೆ ಕಡೆ ಹತ್ತೊಂಬತ್ತು ಎಂಎಂ, ಕೆಳಗೆ ಹೋಗ್ತಾ ಹೋಗ್ತಾ ಹದಿನಾಲ್ಕಕ್ಕೆ ಬರುತ್ತೆ. ಆವತ್ತು ಕರೆಂಟಿಲ್ಲ, ಮೋಟರಿಲ್ಲ, ಕಾಲಲ್ಲಿ ತುಳಿದು ಮರ ತಿರುಗಿಸಿ ಈ ಟೇಪರ್ ಎತ್ತಿದಾನಲ್ಲ, ಅವನು ನಮ್ಮ ಜಾತಿಯೋನೇ ಕಣೋ."

"ಯುರೋಪಲ್ಲಿ ನಮ್ಮ ಜಾತಿಯೋರು ಎಲ್ಲಿಂದ ಬಂದ್ರು?" ಅಂತ ಉಚ್ಚಂಗಮ್ಮ ಒಲೆ ಮುಂದಿಂದಲೇ ಕೇಳಿದಳು.

"ಲೇತ್ ಜಾತಿ ಕಣೇ!"

ಅಪ್ಪ ಮಗ ಇಬ್ಬರೂ ನಕ್ಕರು. ಓದು ಬಿಟ್ಟ ದಿನದಿಂದ ಆ ಮನೆಯಲ್ಲಿ ಅವರಿಬ್ಬರೂ ಒಂದೇ ವಿಷಯಕ್ಕೆ ಒಟ್ಟಿಗೆ ನಕ್ಕಿದ್ದು ಅದೇ ಮೊದಲು.

ಸಂಕ್ರಾಂತಿ ಮುಗಿದ ಮೇಲೆ ಮೇಡಂ ಒಂದು ಸುದ್ದಿ ಹೇಳಿದರು. ಅವರ ಹಳೇ ಶಿಷ್ಯೆ ಪ್ರಿಯದರ್ಶಿನಿ ನೀಲಗಿರಿಯಲ್ಲಿ ಇಂಥ ಕೊಳಲುಗಳಿಗೆ ಅಂತಲೇ ಚಿಕ್ಕ ಶಾಲೆಯೊಂದನ್ನು ನಡೆಸುತ್ತಿದ್ದಾಳೆ. ಫೆಬ್ರವರಿ ಕೊನೇ ಭಾನುವಾರ ನವುಲೆಗೆ ಬಂದು ಐದೂ ಜನರನ್ನು ಕೇಳಿ ಒಬ್ಬರನ್ನು ಆರಿಸಿಕೊಂಡು ಹೋಗ್ತಾಳೆ. ಒಂದು ವರ್ಷ ಅಲ್ಲೇ ಊಟ, ಅಲ್ಲೇ ವಾಸ, ಊದಲಿಕ್ಕೆ ಮರದ ಕೊಳಲು. ಆಮೇಲೆ ಅಲ್ಲೇ ಚಿಕ್ಕ ಮಕ್ಕಳಿಗೆ ಕಲಿಸೋ ಕೆಲಸ.

"ಮಾರ್ಕ್ಸ್ ಕಾರ್ಡ್ ಕೇಳಲ್ವಾ ಮೇಡಂ?"

"ಕಣ್ಣು ಮುಚ್ಕೊಂಡು ಕೇಳ್ತಾಳೆ ಕಣೋ ಅವಳು. ನಿನ್ನ ಮುಖಾನೇ ನೋಡಲ್ಲ, ಇನ್ನು ಮಾರ್ಕ್ಸ್ ಕಾರ್ಡ್ ಎಲ್ಲಿ ನೋಡ್ತಾಳೆ?"

ಕಾಂತರಾಜ ಆವತ್ತು ಬಸ್ಸಿನಲ್ಲಿ ಸೀಟಿದ್ದರೂ ಕೂರಲಿಲ್ಲ. ಇಡೀ ಪ್ರಪಂಚದಲ್ಲಿ ಮುಚ್ಚದ ಬಾಗಿಲು ಒಂದಿದೆ, ಅದು ಅವನ ತುಟಿಯಷ್ಟೇ ಅಗಲ ಇದೆ.

ದಿನಾ ಬೆಳಗ್ಗೆ ಐದಕ್ಕೆ ಎದ್ದು, ಖಾಲಿ ಬಿದ್ದ ಕಾರ್ಖಾನೆ ಕ್ವಾರ್ಟರ್ಸಿನ ಹಿಂದೆ ಹೋಗಿ ಎರಡು ಗಂಟೆ ಊದೋನು. ಒತ್ತಿ ಒತ್ತಿ ತುಟಿಯ ಕೆಳಗೆ ಅರ್ಧಚಂದ್ರದ ಹಾಗೆ ಕೆಂಪು ಗೆರೆ ಎದ್ದಿತು. ಕೊನೇ ವಾರ ಅದು ಹುಣ್ಣಾಗಿ ನೀರಾಡಿತು. ಉಚ್ಚಂಗಮ್ಮ ಕೊಬ್ಬರಿ ಎಣ್ಣೆ ಹಚ್ಚಿದಳು. ಧರ್ಮಪ್ಪ ಮಗನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ. ಆಮೇಲೆ ಕೊಳಲು ತಗೊಂಡು ಊದೋ ತೂತಿನ ಸುತ್ತ ಹೆಬ್ಬೆರಳು ಆಡಿಸಿದ. ಹಲ್ಲುಸಂದಿಯಿಂದ 'ಚ್' ಅಂದ.

ಮೇಡಂ ಹೇಳಿದ್ದರು, "ಶನಿವಾರ ಮುಟ್ಟಬೇಡ. ತುಟಿಗೆ ರೆಸ್ಟ್ ಕೊಡು." ಕಾಂತರಾಜ ಅದನ್ನು ದೇವರ ಮಾತಿನ ಹಾಗೆ ಪಾಲಿಸಿದ. ಕೊಳಲನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟು ಕೆಲಸಕ್ಕೆ ಹೋದ. ಅವತ್ತು ಅವನ ಮೇಲೆ ಊರಾಚೆ ಸೋಗಾನೆಯವರೆಗಿನ ಡಬ್ಬಗಳನ್ನೆಲ್ಲ ಹೇರಿದ್ದರು. ಬಂದವನೇ ಉಂಡು ಮಲಗಿದ.

ಭಾನುವಾರ ಬೆಳಗ್ಗೆ ಅಪ್ಪನೇ ಕೊಳಲಿಟ್ಟ ಬ್ಯಾಗು ತಂದು ಕೈಗೆ ಕೊಟ್ಟ. ಮುಖದಲ್ಲಿ ಏನೋ ಮುಚ್ಚಿಟ್ಟುಕೊಂಡ ಖುಷಿ.

"ಇವತ್ತು ತುಟಿಗೆ ಏನೂ ಆಗಲ್ಲ ನೋಡು" ಅಂದ.

ಕಾಂತರಾಜ ಅದನ್ನು ಆಶೀರ್ವಾದ ಅಂದುಕೊಂಡ. ಬಗ್ಗಿ ಕಾಲು ಮುಟ್ಟಿದ. ಎಂದೂ ಮುಟ್ಟಿದವನಲ್ಲ.

ನವುಲೆಯ ಮಹಡಿಯಲ್ಲಿ ಪ್ರಿಯದರ್ಶಿನಿ ನಿಜವಾಗಿಯೂ ಕಣ್ಣು ಮುಚ್ಚಿಕೊಂಡೇ ಕೂತಿದ್ದಳು. ಒಬ್ಬರು ಊದುವಾಗ ಉಳಿದವರು ಉಸಿರು ಬಿಡಬಾರದು ಅಂತ ಮೇಡಂ ಎಲ್ಲರನ್ನೂ ಮೆಟ್ಟಿಲ ಮೇಲೆ ಸುಮ್ಮನೆ ಕೂರಿಸಿದ್ದರು. ಮೂರನೆಯವನಾಗಿ ಕಾಂತರಾಜ ಒಳಗೆ ಹೋದ. ಕೊಳಲು ಜೋಡಿಸಿದ. ತುಟಿಗಿಟ್ಟ. ಹುಣ್ಣಿಗೆ ಏನೂ ಆಗಲಿಲ್ಲ, ಬೆಣ್ಣೆಯ ಹಾಗೆ ಕೂತಿತು. ಊದಿದ.

ಗಾಳಿ. ಬರೀ ಗಾಳಿ. ಕುಕ್ಕರಿನ ಗ್ಯಾಸ್ಕೆಟ್ ಸಡಿಲಾದರೆ ಬರುತ್ತಲ್ಲ, ಹಾಗೆ.

ಮತ್ತೆ ಊದಿದ. ತುಟಿ ಹಿಂದೆ ತಂದ, ಮುಂದೆ ತಂದ, ಕೊಳಲು ಒಳಗೆ ತಿರುಗಿಸಿದ, ಹೊರಗೆ ತಿರುಗಿಸಿದ. ಸುಸ್ಸ್. ಕಣ್ಣು ಮುಚ್ಚಿದ್ದ ಪ್ರಿಯದರ್ಶಿನಿಯ ಹುಬ್ಬು ಒಂದಿಷ್ಟು ಗಂಟಾಯಿತು. ಮೇಡಂ ಎದ್ದು ಬಂದು ಕೊಳಲನ್ನು ತಗೊಂಡು ತೂತಿನ ಮೇಲೆ ಬೆರಳಿಟ್ಟರು. ಅವರ ಮುಖ ಬಿಳಿಚಿತು.

"ಯಾರೋ ಇದನ್ನ ಸವರಿದ್ದು?" ಅಂತ ಪಿಸುಗುಟ್ಟಿದರು. "ಈ ಆಚೆ ಅಂಚು ಇದೆಯಲ್ಲ, ಇದು ಚೂಪಾಗಿರ್ಬೇಕು. ಉಸಿರು ಇದಕ್ಕೆ ಬಡಿದು ಸೀಳಿದ್ರೇನೇ ಸ್ವರ. ಇದನ್ನ ದುಂಡಗೆ ಮಾಡಿಟ್ಟಿದಾರಲ್ಲೋ!"

ಕಾಂತರಾಜ ನೋಡಿದ. ಯಾರು ಅಂತ ಕೇಳೋ ಅಗತ್ಯವೇ ಇರಲಿಲ್ಲ. ಅಷ್ಟು ಸಮನಾಗಿ, ಅಷ್ಟು ನುಣ್ಣಗೆ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದ ಹಾಗೆ ದುಂಡಗಾದ ಅಂಚನ್ನು ಅವನು ಹುಟ್ಟಿದಾಗಿನಿಂದ ನೋಡಿದ್ದ. ಅದರಲ್ಲೇ ನೀರು ಕುಡಿದಿದ್ದ.

"ಪರವಾಗಿಲ್ಲ, ಇನ್ನೊಂದು ತಗೊ" ಅಂದರು ಮೇಡಂ. ಎರಡನೆಯವಳಾಗಿ ಊದಿ ಹೋಗಿದ್ದ ರಶ್ಮಿ ಅನ್ನೋ ಹುಡುಗಿಯ ಕೊಳಲನ್ನು ಇಸಿದುಕೊಂಡು ಕೊಟ್ಟರು. "ಎಲ್ಲಾ ಒಂದೇ ಅಚ್ಚು. ವ್ಯತ್ಯಾಸ ಇಲ್ಲ. ಐದು ನಿಮಿಷ ಕೂತ್ಕೊ, ನೀರು ಕುಡಿ, ಆಮೇಲೆ ಊದು."

ಅವನು ಕೂರಲಿಲ್ಲ. ನೀರು ಕುಡಿಯಲಿಲ್ಲ. ಕೊಳಲು ಸರಿಯಾಗೇ ಇತ್ತು. ಊದಿದ ತಕ್ಷಣ ಸದ್ದು ಬಂತು. ಆದರೆ ಅದು ಒದರಿತು. ಮೆತ್ತಗಿನ ಸ್ವರ ಬರಬೇಕಾದ ಕಡೆ ಕಿರುಚಿ ಮೇಲಕ್ಕೆ ಹಾರಿತು, ಉದ್ದಕ್ಕೆ ಎಳೆಯಬೇಕಾದ ಕಡೆ ಉಸಿರು ಮುಗಿದು ತುಂಡಾಯಿತು. ಒಲೆ ಧಗಧಗ ಅಂತಿತ್ತು. ಅಪ್ಪನ ಆ ಮುಚ್ಚಿಟ್ಟ ನಗು ಕಣ್ಣ ಮುಂದೆ ಬಂದು ಬಂದು ಹೋಗುತ್ತಿತ್ತು. ಬೆರಳುಗಳು ತೂತಿನ ಮೇಲೆ ಅಲ್ಲ, ಯಾರದೋ ಕುತ್ತಿಗೆ ಮೇಲೆ ಇದ್ದ ಹಾಗೆ ಒತ್ತುತ್ತಿದ್ದವು. ಅರ್ಧಕ್ಕೇ ನಿಲ್ಲಿಸಿ ಕೆಳಗಿಳಿದು ಬಂದ.

ಪ್ರಿಯದರ್ಶಿನಿ ಆರಿಸಿದ್ದು ರಶ್ಮಿಯನ್ನು. ಹೊರಡುವಾಗ ಮೇಡಂ ಗೇಟಿನವರೆಗೆ ಬಂದರು.

"ಸುಳ್ಳು ಹೇಳಲ್ಲ ಕಾಂತರಾಜ. ಎರಡನೇ ಕೊಳಲು ಚೆನ್ನಾಗೇ ಇತ್ತು. ನಿನ್ನ ಉಸಿರಲ್ಲಿ ಸಿಟ್ಟಿತ್ತು. ಸಿಟ್ಟನ್ನ ಈ ಕೊಳಲು ತಡ್ಕೊಳಲ್ಲ."

ಬಸ್ಸಿನಲ್ಲಿ ಬರುವಾಗ ಆ ಮಾತು ನಿಜ ಅಂತ ಅವನಿಗೆ ಗೊತ್ತಿತ್ತು. ಮಾಚೇನಹಳ್ಳಿ ದಾಟುವಾಗಲೂ ಗೊತ್ತಿತ್ತು. ಬೀದಿಯ ಮೂಲೆ ತಿರುಗುವಾಗಲೂ ಗೊತ್ತಿತ್ತು. ಮನೆಯ ಹೊಸ್ತಿಲಲ್ಲಿ ಅಪ್ಪ ಎದ್ದು ನಿಂತು, "ಹೆಂಗಾಯ್ತೋ? ಚುಚ್ಚಲಿಲ್ಲ ತಾನೇ?" ಅಂತ ಕೇಳಿದ ಕ್ಷಣ ಮಾತ್ರ ಗೊತ್ತಿರುವುದೆಲ್ಲ ಸುಟ್ಟುಹೋಯಿತು.

ಬ್ಯಾಗನ್ನು ಗೋಡೆಗೆ ಬೀಸಿದ. "ಯಾರು ಹೇಳಿದ್ರು ನಿಂಗೆ ಅದನ್ನ ಮುಟ್ಟು ಅಂತ? ಯಾರು ಹೇಳಿದ್ರು?"

"ಬರ್ ಇತ್ತು ಕಣೋ... ಅಷ್ಟು ಒಳ್ಳೇ ಜಾಬು, ಫಿನಿಶಿಂಗ್ ಬಿಟ್ಟಿದ್ದ..."

"ಬರ್ ಅಲ್ಲ ಅದು! ಅದೇ ಕೊಳಲು! ಅದನ್ನೇ ತೆಗೆದು ಬಿಸಾಕಿದೀಯ! ಒಂದು ಸದ್ದು ಬರ್ಲಿಲ್ಲ ಗೊತ್ತಾ? ಒಂದು! ಅಷ್ಟು ಜನರ ಮುಂದೆ ಗಾಳಿ ಊದಿ ಬಂದೆ!"

"ಏ ಕಾಂತ, ಮೆತ್ತಗೆ ಮಾತಾಡು" ಅಂತ ಉಚ್ಚಂಗಮ್ಮ ಅಡ್ಡ ಬಂದಳು. ಅವನು ಅಮ್ಮನ ಹೆಗಲ ಮೇಲಿಂದಲೇ ಕೂಗಿದ.

"ಕಾರ್ಖಾನೆಯೋರು ನಿನ್ನ ಆಚೆ ಹಾಕಿದ್ದು ಸರಿಯಾಗೇ ಇದೆ. ಮುಟ್ಟಿದ್ದನ್ನೆಲ್ಲ ಸವರಿ ಸವರಿ ಹಾಳು ಮಾಡ್ತೀಯ. ಇದೊಂದೇ ಇತ್ತು ನಂಗೆ. ಇದೊಂದೇ! ಇನ್ನೊಂದು ಸಲ ನನ್ನ ಯಾವುದೇ ಸಾಮಾನಿನ ಮೇಲೆ ಆ ಕೈ ಇಟ್ರೆ ನೋಡು."

ಎರಡನೇ ಕೊಳಲಿನ ವಿಷಯ ಅವನು ಹೇಳಲಿಲ್ಲ. ಹೇಳಿದ್ದರೆ ಆ ಇಡೀ ಕೂಗಾಟಕ್ಕೆ ನೆಲವೇ ಇರುತ್ತಿರಲಿಲ್ಲ.

"ತುಟಿ ಕಿತ್ತು ಬಂದಿತ್ತಲ್ಲೋ ನಿಂದು" ಅಂದ ಧರ್ಮಪ್ಪ. ಆಮೇಲೆ ತನ್ನ ಕೈಗಳನ್ನು ಎಲ್ಲಿಡಬೇಕು ಅಂತ ಗೊತ್ತಾಗದವನ ಹಾಗೆ ಅತ್ತಿತ್ತ ನೋಡಿ, ಬೆನ್ನ ಹಿಂದೆ ಕಟ್ಟಿಕೊಂಡ.

ಮೂರು ವಾರ ಕಳೆಯಿತು. ಮನೆಯಲ್ಲಿ ಮಾತು ಊಟಕ್ಕೆ ಕರೆಯೋದಕ್ಕೆ ಇಳಿದಿತ್ತು. ಉಚ್ಚಂಗಮ್ಮ ಹೊಸ ಸ್ಟೀಲ್ ತಟ್ಟೆಯೊಂದನ್ನು ತಂದಳು. ಧರ್ಮಪ್ಪ ಅದನ್ನು ಕೈಗೆತ್ತಿಕೊಂಡು, ಅಂಚಿನ ಹತ್ತಿರ ಹೆಬ್ಬೆರಳು ಒಯ್ದು, ಹಾಗೇ ಕೆಳಗಿಟ್ಟ. ಕಾಂತರಾಜ ಅದನ್ನು ನೋಡಿದ. ನೋಡಿ ಆಚೆ ಎದ್ದು ಹೋದ.

ಒಂದು ಮಧ್ಯಾಹ್ನ ಗೋವಿಂದ ಫೋನ್ ಮಾಡಿದ. ಅಂಗಡಿ ಓನರ್ ಆದರೂ ಧರ್ಮಪ್ಪನಿಗಿಂತ ಚಿಕ್ಕವನು, ಕಾರ್ಖಾನೆಯಲ್ಲಿ ಅವನ ಕೈಕೆಳಗೇ ಕೆಲಸ ಕಲಿತವನು.

"ಕಾಂತ, ನಿಮ್ಮಪ್ಪಂಗೆ ಏನಾಗಿದೆ ಮಾರಾಯ? ಅಡಿಕೆ ಮೆಷಿನ್ನಿನ ಬುಷ್ ಹಂಗೇ ಕೊಟ್ಟು ಕಳಿಸಿದಾರೆ, ಬ್ಲೇಡ್ ಥರ ಇದೆ. ಫಿಟ್ ಮಾಡಕ್ಕೆ ಹೋದೋನ ಬೆರಳು ಸೀಳಿ ನಾಲ್ಕು ಹೊಲಿಗೆ ಬಿದ್ದಿದೆ. ಅವನು ಬಂದು ಅಂಗಡಿ ಮುಂದೆ ಕುಣಿದು ಹೋದ. ಇದೊಂದಲ್ಲ, ಹದಿನೈದು ದಿನದಿಂದ ಹಿಂಗೇ. ಇಲ್ಲಾಂದ್ರೆ ಒಂದೊಂದು ಜಾಬಿಗೂ ಬಂದು, 'ಗೋವಿಂದ, ಇದಕ್ಕೆ ಬರ್ ತೆಗೀಲಾ, ಬೇಡ್ವಾ?' ಅಂತ ಕೇಳ್ತಾರೆ. ನಂಗೆ! ನಂಗೆ ಬರ್ ತೆಗೆಯೋದು ಕಲಿಸಿದೋರೇ ಅವರು. ಧರ್ಮಣ್ಣಂಗೆ ಮನೇಲಿರಿ ಅಂತ ಹೇಳಕ್ಕೆ ನನ್ನ ಬಾಯಿ ಬರಲ್ಲ. ನೀನೇ ಬಂದು ಏನಾದ್ರೂ ಮಾಡು."

ಕಾಂತರಾಜ ಆಟೋವನ್ನು ಆಫೀಸಿಗೆ ಒಪ್ಪಿಸಿ, ಅರ್ಧ ದಿನದ ರಜೆ ಹಾಕಿ, ಭದ್ರಾವತಿ ಬಸ್ ಹತ್ತಿದ. ದಾರಿಯುದ್ದಕ್ಕೂ ಒಂದೇ ಮಾತನ್ನು ಬಾಯಲ್ಲಿ ಹೊರಳಿಸಿದ: ನಿನ್ನ ಅರದಿಂದ ಅಲ್ಲ ಅಪ್ಪ. ನಿನ್ನ ಅರದಿಂದ ಅಲ್ಲ.

ಅಂಗಡಿಯಲ್ಲಿ ಧರ್ಮಪ್ಪ ಲೇತ್ ನಿಲ್ಲಿಸಿ ಒಂದು ಬುಷ್ ಬಿಚ್ಚುತ್ತಿದ್ದ. ಬೆರಳಿಗೆಲ್ಲ ಹಳೇ ಬಟ್ಟೆಯ ಚೂರು ಸುತ್ತಿಕೊಂಡಿದ್ದ. ಅಂಚು ಸವರದೆ ಬಿಟ್ಟ ಜಾಬುಗಳು ಮೊದಲು ಕುಯ್ದಿದ್ದು ಅವನನ್ನೇ. ಮಗನನ್ನು ಕಂಡು ಗಾಬರಿಯಾಗಿ, "ಏನೋ, ಅಮ್ಮ ಹುಷಾರಾಗಿದಾಳೆ ತಾನೇ?" ಅಂದ.

"ಅಮ್ಮ ಚೆನ್ನಾಗಿದಾಳೆ. ನಿನ್ ಹತ್ರ ಒಂದು ಮಾತು ಹೇಳ್ಬೇಕಿತ್ತು." ಕಾಂತರಾಜ ಲೇತಿನ ಹತ್ತಿರ ಬಂದು ನಿಂತ. "ಆವತ್ತು ಮೇಡಂ ನಂಗೆ ಇನ್ನೊಂದು ಕೊಳಲು ಕೊಟ್ರು ಅಪ್ಪ. ಸರಿಯಾಗಿರೋದು. ಅಂಚಿರೋದು. ಅದರಲ್ಲೂ ನಂಗೆ ಊದಕ್ಕಾಗ್ಲಿಲ್ಲ. ಸಿಟ್ಟಲ್ಲಿ ಹಾಳು ಮಾಡ್ಕೊಂಡೆ. ನಿನ್ನಿಂದ ಅಲ್ಲ ಹೋಗಿದ್ದು. ನನ್ನಿಂದ ಹೋಗಿದ್ದು."

ಧರ್ಮಪ್ಪ ಅವನನ್ನು ನೋಡಿದ. ಆಮೇಲೆ ನಕ್ಕ. ಚಿಕ್ಕ ಮಗು ಬಿದ್ದು ಎದ್ದು ನನಗೇನೂ ಆಗಿಲ್ಲ ಅಂದಾಗ ದೊಡ್ಡವರು ನಗೋ ಹಾಗೆ.

"ಗೋವಿಂದ ಫೋನ್ ಮಾಡಿದ್ನಾ?"

"ಅದಕ್ಕಲ್ಲ ಅಪ್ಪ, ನಿಜ ಹೇಳ್ತಿದೀನಿ. ಬೇಕಾದ್ರೆ ಮೇಡಂಗೆ ಫೋನ್ ಮಾಡಿಕೊಡ್ತೀನಿ, ಕೇಳು."

"ಅವರೂ ಒಳ್ಳೆಯೋರು. ಅವರೂ ಹಂಗೇ ಹೇಳ್ತಾರೆ" ಅಂದ ಧರ್ಮಪ್ಪ. "ಬಿಡೋ. ನನ್ನ ಸಮಾಧಾನಕ್ಕೆ ಅಂತ ಅಷ್ಟು ದೂರದಿಂದ ಬಂದಿದೀಯ. ಸಾಕು. ಊಟ ಮಾಡಿದ್ಯಾ?"

ಕಾಂತರಾಜನಿಗೆ ಕೂಗಬೇಕು ಅನ್ನಿಸಿತು. ಮೂರು ವಾರದ ಹಿಂದೆ ಸುಳ್ಳನ್ನು ಗಂಟಲು ಹರಿಯೋ ಹಾಗೆ ಕೂಗಿದಾಗ ಒಂದೇ ಏಟಿಗೆ ನಂಬಿದ್ದ ಮನುಷ್ಯ, ಈಗ ನಿಜವನ್ನು ಮೆತ್ತಗೆ ಹೇಳಿದರೆ ನಂಬುತ್ತಿಲ್ಲ. ಇನ್ನೊಂದು ಸಲ ಹೇಳಿದ. ಧರ್ಮಪ್ಪ ಇನ್ನೊಂದು ಸಲ ತಲೆಯಾಡಿಸಿದ. ಲೇತಿನ ಪಕ್ಕ ಬರ್ ತೆಗೆಯದೆ ಬಿಟ್ಟ ಬುಷ್‌ಗಳು ಸಾಲಾಗಿ ಕೂತಿದ್ದವು, ಒಂದೊಂದರ ಅಂಚೂ ಬಿಸಿಲಿಗೆ ಮಿಂಚುತ್ತ.

ಬೇರೆ ದಾರಿ ಕಾಣದೆ ಕಾಂತರಾಜ ಅಂಗಿ ತೋಳು ಮೇಲೇರಿಸಿದ. ಒಂದು ಬುಷ್ ಎತ್ತಿಕೊಂಡು, ವೆಂಕಟಾಚಲ ಮೇಸ್ತ್ರಿ ಹುಡುಗರ ಕೈ ಮೇಲೆ ಎಳೆಯುತ್ತಿದ್ದ ಹಾಗೆ, ತನ್ನ ಮುಂಗೈ ಮೇಲೆ ಎಳೆದ. ಗೀರು ಬಿತ್ತು. ಸಣ್ಣಗೆ ರಕ್ತ ಜಿನುಗಿತು.

"ಏಯ್!" ಧರ್ಮಪ್ಪ ಅದನ್ನು ಕಿತ್ತುಕೊಂಡ. "ಬುದ್ಧಿ ಇದೆಯೇನೋ ನಿಂಗೆ!"

"ಬರ್ ಇದೆ ಅಪ್ಪ. ತೆಗೆದುಕೊಡು."

ಧರ್ಮಪ್ಪನ ಕೈ ತಾನಾಗೇ ಅರದ ಕಡೆ ಹೋಯಿತು. ಬಟ್ಟೆ ಸುತ್ತಿದ ಬೆರಳುಗಳು ಅದನ್ನು ಹಿಡಿದವು. ಒಂದು ಸಲ ಆಡಿಸಿದ. ಎರಡು ಸಲ. ಮೂರು. ಅದೇ ತಾಳ, ಅದೇ ಓರೆ. ಗೋವಿಂದ ಬಾಗಿಲಲ್ಲಿ ನಿಂತು ಉಸಿರು ಬಿಟ್ಟ. ಕಾಂತರಾಜನೂ ಬಿಡಬೇಕು, ಅಷ್ಟರಲ್ಲಿ ಅರ ನಿಂತಿತು.

ನಾಲ್ಕನೆಯದಕ್ಕೆ ಮೊದಲು ಧರ್ಮಪ್ಪ ತಲೆ ಎತ್ತಿದ. ಜಾಬನ್ನು ಮುಂಗೈ ಮೇಲೆ ಎಳೆದು ನೋಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಮಗನ ಮುಂದೆ ಚಾಚಿದ, ಮೊದಲ ದಿನ ಕೆಲಸಕ್ಕೆ ಬಂದ ಹುಡುಗ ಮೇಸ್ತ್ರಿ ಮುಂದೆ ನಿಂತ ಹಾಗೆ.

"ಸಾಕೇನೋ ಕಾಂತ?" ಅಂತ ಕೇಳಿದ. "ಜಾಸ್ತಿ ಆಯ್ತಾ?"